ನೆಲಮಾಳಿಗೆಯ ನೀರು: ಬಳಿಯುವ ಮೊದಲು ಅಳೆಯಬೇಕು

ಮಾನ್ಯ ಸಂಪಾದಕರೇ,

2025ರ ಮೇ 18ರ ರಾತ್ರಿ ಸುರಿದ ಭಾರಿ ಮಳೆಯ ಮರುದಿನ, ಬೆಂಗಳೂರಿನ ಬಿಟಿಎಂ ಬಡಾವಣೆ ಪ್ರದೇಶದ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಯಲ್ಲಿ ನಿಂತಿದ್ದ ನೀರನ್ನು ಮೋಟಾರಿನಿಂದ ಹೊರಹಾಕಲು ಹೋಗಿ 63 ವರ್ಷದ ನಿವಾಸಿಯೊಬ್ಬರೂ 12 ವರ್ಷದ ಬಾಲಕನೊಬ್ಬನೂ ವಿದ್ಯುತ್ ತಗುಲಿ ಮೃತಪಟ್ಟರು. ಆ ದುರಂತದ ಬೆನ್ನಲ್ಲೇ ತಗ್ಗು ಪ್ರದೇಶಗಳಲ್ಲಿ ನೆಲಮಾಳಿಗೆಯಲ್ಲಿ ವಾಹನ ನಿಲುಗಡೆಗೆ ಅವಕಾಶ ಕೊಡಬಾರದು, ಅದಕ್ಕೆ ತಕ್ಕಂತೆ ನಿಯಮ ತರಬೇಕು ಎಂಬ ಮಾತು ಸರ್ಕಾರದ ಕಡೆಯಿಂದಲೇ ಬಂದಿತು. ಹೊಸದಾಗಿ ಕಟ್ಟುವವರಿಗೆ ಅಂಥ ನಿರ್ಬಂಧ ಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಈಗಾಗಲೇ ಭೂಮಿಯೊಳಗೆ ಇಳಿದು ಕುಳಿತಿರುವ ನೆಲಮಾಳಿಗೆಗಳನ್ನು ಯಾವ ನಿಯಮವೂ ಮೇಲೆತ್ತಲಾರದು. ಅವುಗಳ ಒಡೆಯರು ಪ್ರತಿ ಮಳೆಗಾಲದಲ್ಲೂ ಮಾಡುತ್ತಿರುವ ತಪ್ಪನ್ನು ನಾನೂ ಐದು ವರ್ಷ ಮಾಡಿದವನಾದ್ದರಿಂದ, ಪತ್ರ ತುಸು ದೀರ್ಘವಾದರೂ ತಾವು ಪ್ರಕಟಿಸುವಿರೆಂದು ನಂಬಿ ಬರೆಯುತ್ತಿದ್ದೇನೆ.

ನಾನು ಭೌತವಿಜ್ಞಾನದ ನಿವೃತ್ತ ಉಪನ್ಯಾಸಕ. ಜೆ.ಪಿ. ನಗರದ ಆಚೆಗಿನ ಇಳಿಜಾರಿನ ಬಡಾವಣೆಯೊಂದರಲ್ಲಿ 40×60 ಅಡಿ ನಿವೇಶನದಲ್ಲಿ 2004ರಲ್ಲಿ ಮನೆ ಕಟ್ಟಿಸಿದೆ. ಹಿಂಬದಿ ಎತ್ತರ, ಮುಂಬದಿ ತಗ್ಗು ಇದ್ದುದರಿಂದ, ಮಣ್ಣು ತುಂಬಿಸುವ ಖರ್ಚಿಗಿಂತ ಒಂದು ನೆಲಮಾಳಿಗೆ ಮಾಡಿಕೊಳ್ಳುವುದೇ ಲಾಭವೆಂದು ಮೇಸ್ತ್ರಿ ಹೇಳಿದರು, ನನಗೂ ಸರಿಯೆನಿಸಿತು. ಹಿಂಬದಿಯ ಗೋಡೆ ನೆಲಮಟ್ಟದಿಂದ ಒಂಬತ್ತು ಅಡಿ ಕೆಳಗೆ ಸೈಜುಗಲ್ಲಿನಲ್ಲಿ ಎದ್ದಿತು. ಮುಂದೆ ಕಾರು, ಹಿಂದೆ ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ಒಂದು ಕೋಣೆ, ಅದರ ತುಂಬ ಪುಸ್ತಕ. ಆ ಕಾಲಕ್ಕೆ ನೆರೆಯವರೆಲ್ಲ ಕೊಳವೆಬಾವಿಗೆ ನೂರಾರು ಅಡಿ ಕೊರೆಸುತ್ತಿದ್ದರು, ಕೆಳಗಿನ ಕೆರೆಯಲ್ಲಿ ನೀರಿಗಿಂತ ಕಳೆಯೇ ಹೆಚ್ಚಾಗಿತ್ತು. ನೀರಿಗಾಗಿ ಪಾತಾಳಕ್ಕೆ ಇಳಿಯಬೇಕಾದ ಊರಿನಲ್ಲಿ ಒಂಬತ್ತು ಅಡಿಗೆ ನೀರು ಬಂದೀತೆಂದು ಯಾರು ಎಣಿಸುತ್ತಾರೆ? ಹಾಗಾಗಿ ಗೋಡೆಯ ಹೊರಮೈಗೆ ಒಂದು ಕೈ ಸಿಮೆಂಟು ಗಾರೆ ಬಿಟ್ಟರೆ ಬೇರೆ ಯಾವ ರಕ್ಷಣೆಯನ್ನೂ ಮಾಡಲಿಲ್ಲ.

ಹದಿಮೂರು ವರ್ಷ ಏನೂ ಆಗಲಿಲ್ಲ. 2017ರಲ್ಲಿ ನಗರದಲ್ಲಿ ದಾಖಲೆಯ ಮಳೆಯಾಯಿತು. ಆ ಸೆಪ್ಟೆಂಬರಿನಲ್ಲಿ ಹಿಂಗೋಡೆಯ ಬುಡದಲ್ಲಿ ತೇವದ ಗೆರೆ ಮೂಡಿತು, ಆಮೇಲೆ ಗಿಲಾವಿನ ಮೇಲೆ ಬಿಳಿಯ ಉಪ್ಪು ಹೂವಿನಂತೆ ಅರಳಿತು, ದೀಪಾವಳಿಯ ಹೊತ್ತಿಗೆ ನೆಲ ಮತ್ತು ಗೋಡೆ ಕೂಡುವ ಸಂದಿಯಿಂದ ನೀರು ಒಸರತೊಡಗಿತು. ನೀರು ಕಂಡೊಡನೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಜಾಹೀರಾತು ನೋಡಿ ಒಬ್ಬ ಗುತ್ತಿಗೆದಾರರನ್ನು ಕರೆಸಿದೆ. ಅವರು ಒಳಗಿನ ಗಿಲಾವನ್ನು ಕಿತ್ತು, ರಾಸಾಯನಿಕ ಬೆರೆಸಿದ ಹೊಸ ಗಿಲಾವು ಮಾಡಿ, ಅದರ ಮೇಲೆ ಎರಡು ಬಾರಿ ಬಣ್ಣದಂಥ ಲೇಪನ ಬಳಿದು, ಹತ್ತು ವರ್ಷದ ಗ್ಯಾರಂಟಿ ಪತ್ರ ಕೊಟ್ಟು, 85,000 ರೂಪಾಯಿ ಪಡೆದರು. ಮುಂದಿನ ಮಳೆಗಾಲದಲ್ಲಿ ಆ ಲೇಪನ ಹಪ್ಪಳದಂತೆ ಉಬ್ಬಿ ಎದ್ದು ಉದುರಿತು. ಎರಡನೆಯವರು ಗೋಡೆಗೆ ರಂಧ್ರ ಕೊರೆದು ಸಿಮೆಂಟು ಹಾಲನ್ನು ಒತ್ತಡದಲ್ಲಿ ತುಂಬಿದರು. ಇದರಿಂದ ಹಿಂಗೋಡೆ ಒಣಗಿತು ನಿಜ, ಆದರೆ ನೀರು ಪಕ್ಕದ ಗೋಡೆಗೆ ಸರಿದು ಅಲ್ಲಿಂದ ಒಸರತೊಡಗಿತು. ಇಬ್ಬರೂ ತಮ್ಮ ಕೆಲಸವನ್ನು ಕೆಟ್ಟದಾಗಿ ಮಾಡಿದರೆಂದು ನಾನು ಹೇಳಲಾರೆ. ಈ ನೀರು ಎಲ್ಲಿಂದ ಬರುತ್ತಿದೆ ಎಂದು ಅವರು ಕೇಳಲಿಲ್ಲ, ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪಕ್ಕದ ನಿವೇಶನದಲ್ಲಿ ಬಾವಿ ತೋಡಲು ಬಂದಿದ್ದ ಒಬ್ಬ ಹಿರಿಯರಿಂದ. ತಲೆಮಾರುಗಳಿಂದ ಬಾವಿ ತೋಡುವ ಮಣ್ಣು ವಡ್ಡರ ಸಮುದಾಯದವರು ಅವರು. ಕಬ್ಬನ್ ಉದ್ಯಾನದ ಹಳೆಯ ಬಾವಿಗಳಿಗೆ ಮರುಜೀವ ಕೊಟ್ಟದ್ದೂ ಇದೇ ಕಸುಬಿನವರೇ. ನನ್ನ ನೆಲಮಾಳಿಗೆಗೆ ಇಳಿದು, ಗೋಡೆಯನ್ನು ಕೈಯಲ್ಲಿ ಸವರಿ, ‘ಪಕ್ಕದಲ್ಲಿ ನಮಗೆ ಹದಿನಾಲ್ಕು ಅಡಿಗೆ ನೀರು ಸಿಕ್ತು ಸಾರ್, ಅದೂ ಬೇಸಿಗೆಯಲ್ಲಿ. ಮಳೆಗಾಲಕ್ಕೆ ಆರಡಿಗೆ ಬರುತ್ತೆ. ನೀವು ಮನೇನ ಬಾವಿಯೊಳಗೇ ಕಟ್ಟಿದ್ದೀರಿ’ ಎಂದರು. ಮೂವತ್ತು ವರ್ಷ ದ್ರವಗಳ ಒತ್ತಡವನ್ನು ಪಾಠ ಮಾಡಿದ ನನಗೆ ಆ ಮಾತು ನಾಚಿಕೆ ತರಿಸಿತು.

ಬೆಂಗಳೂರಿನ ಕೆಳಗೆ ನೀರು ಎರಡು ಅಂತಸ್ತಿನಲ್ಲಿದೆ. ಮೇಲೆ ಕೆಂಪು ಮಣ್ಣು, ಅದರಡಿ ಮೊರಂ ಮತ್ತು ಕೊಳೆತ ಕಲ್ಲು. ಮಳೆಯ ನೀರು ಮೊದಲು ಇಳಿದು ನಿಲ್ಲುವುದು ಇಲ್ಲಿ, ಹಳೆಯ ತೆರೆದ ಬಾವಿಗಳಿಗೆಲ್ಲ ಇದೇ ಆಸರೆ. ಅದರ ಕೆಳಗಿನ ಗಟ್ಟಿ ಬಂಡೆಯ ಬಿರುಕುಗಳಲ್ಲಿರುವ ನೀರನ್ನು ಕೊಳವೆಬಾವಿಗಳು ಎತ್ತುತ್ತವೆ. ಕೆಳಗಿನ ಅಂತಸ್ತು ಬರಿದಾಗಿ ಸಾವಿರ ಅಡಿ ಕೊರೆದರೂ ಧೂಳು ಬರುವ ಜಾಗದಲ್ಲೇ ಮೇಲಿನ ಅಂತಸ್ತು ಮಳೆಗಾಲದಲ್ಲಿ ತುಂಬಿ ತುಳುಕಬಹುದು. ‘ಇಲ್ಲಿ ಅಂತರ್ಜಲವೇ ಇಲ್ಲ’ ಎಂದು ನಾವು ಆಡುವ ಮಾತು ಕೊಳವೆಬಾವಿಗೆ ಸಂಬಂಧಿಸಿದ್ದು, ನೆಲಮಾಳಿಗೆಗೆ ಅದು ಅನ್ವಯಿಸದು. ಇದಕ್ಕೆ ಇನ್ನೊಂದು ಸಂಗತಿಯೂ ಸೇರಿತು. ಕೆಳಗಿನ ಕೆರೆಯ ಹೂಳೆತ್ತಿ, ಒತ್ತುವರಿ ಬಿಡಿಸಿದ ಮೇಲೆ ಅದು ಮತ್ತೆ ತುಂಬತೊಡಗಿತು. ಕೆರೆ ತುಂಬಿದರೆ ಸುತ್ತಲಿನ ಮೇಲ್ಪದರದ ನೀರಿನ ಮಟ್ಟವೂ ಏರುವುದು ಸಹಜ. ಕೆರೆ ಬದುಕಿತೆಂದು ಸಂಭ್ರಮಪಟ್ಟವರಲ್ಲಿ ನಾನೂ ಒಬ್ಬ, ಈಗಲೂ ಆ ಸಂಭ್ರಮ ಕಡಿಮೆಯಾಗಿಲ್ಲ. ಕೆರೆ ಸತ್ತಿದ್ದ ಕಾಲದ ನೀರಿನ ಮಟ್ಟವನ್ನು ನಂಬಿ ಮನೆ ಕಟ್ಟಿದ ತಪ್ಪು ನನ್ನದು.

ಒಳಗಿನಿಂದ ಬಳಿದದ್ದು ಏಕೆ ನಿಲ್ಲಲಿಲ್ಲ ಎಂಬುದನ್ನು ಲೆಕ್ಕ ಹಾಕಿದರೆ ಯಾರಿಗಾದರೂ ತಿಳಿಯುತ್ತದೆ. ನೆಲಮಾಳಿಗೆಯ ನೆಲಕ್ಕಿಂತ ಹೊರಗಿನ ನೀರು ಒಂದು ಮೀಟರ್ ಮೇಲಿದ್ದರೆ, ಆ ನೀರು ನೆಲವನ್ನು ಪ್ರತಿ ಚದರ ಮೀಟರಿಗೆ ಒಂದು ಟನ್ನಿನಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆ. ನನ್ನ ಮನೆಯಲ್ಲಿ ಈ ಎತ್ತರ ಮೂರು ಅಡಿ, ಅಂದರೆ ಸುಮಾರು 0.9 ಮೀಟರ್. ಪುಸ್ತಕದ ಕೋಣೆಯ ವಿಸ್ತೀರ್ಣ ಸುಮಾರು 28 ಚದರ ಮೀಟರ್. ಆ ಒಂದು ಕೋಣೆಯ ನೆಲದ ಅಡಿಯಲ್ಲೇ 25 ಟನ್ನು ಬಲ ಮೇಲಕ್ಕೆ ತಳ್ಳುತ್ತಿತ್ತು. ಅದರ ಮೇಲೆ ನಾವು ಹಾಕಿದ್ದ ನಾಲ್ಕು ಅಂಗುಲದ ಕಾಂಕ್ರೀಟಿನ ತೂಕ ಏಳು ಟನ್ನಿಗಿಂತ ಹೆಚ್ಚಿಲ್ಲ. ನೆಲ ಬಿರುಕು ಬಿಡದೆ ಇನ್ನೇನು ಮಾಡೀತು? ಗೋಡೆಯ ಹೊರಮೈಯಲ್ಲಿ ಬಳಿದ ಲೇಪನವನ್ನು ನೀರೇ ಗೋಡೆಗೆ ಅಮುಕಿ ಹಿಡಿಯುತ್ತದೆ, ಒಳಮೈಯಲ್ಲಿ ಬಳಿದದ್ದನ್ನು ಅದೇ ನೀರು ಹಿಂದಿನಿಂದ ತಳ್ಳಿ ಕೀಳುತ್ತದೆ. ಕಾಂಕ್ರೀಟಿನ ಒಳಗೇ ಇಳಿದು ಹರಳುಗಟ್ಟುವ ಬಗೆಯ ಲೇಪನಗಳು ಒಳಮೈಯಲ್ಲೂ ಒಂದು ಮಟ್ಟಕ್ಕೆ ಕೆಲಸ ಮಾಡುತ್ತವೆ. ಆದರೆ ಸೈಜುಗಲ್ಲಿನ ಗೋಡೆಯಲ್ಲಿ, ಕಲ್ಲು ಕಲ್ಲಿನ ನಡುವಿನ ಗಾರೆಯೇ ಟೊಳ್ಳಾಗಿರುವಲ್ಲಿ, ಅವುಗಳಿಗೆ ಹಿಡಿತವಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಒಂದು ಒಗಟು ಉಳಿದಿತ್ತು. ದೊಡ್ಡ ಮಳೆ ಬಂದ ಎರಡನೆಯ ದಿನ ಹಿಂಗೋಡೆಯ ಎಡಮೂಲೆಯಲ್ಲಿ ಮಾತ್ರ ನೀರು ಊಟೆಯಂತೆ ಚಿಮ್ಮುತ್ತಿತ್ತು. ಅದರ ಮೂಲ ಹುಡುಕಿದಾಗ ಸಿಕ್ಕಿದ್ದು ನನ್ನದೇ ಇಂಗುಗುಂಡಿ. 2009ರಲ್ಲಿ ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾದಾಗ ನಾನು ಬಡಾವಣೆಯಲ್ಲೇ ಮೊದಲಿಗನಾಗಿ ಹಿತ್ತಿಲಲ್ಲಿ, ಗೋಡೆಯಿಂದ ಬರೀ ನಾಲ್ಕು ಅಡಿ ದೂರದಲ್ಲಿ ಗುಂಡಿ ತೋಡಿಸಿ ಹೆಮ್ಮೆಪಟ್ಟಿದ್ದೆ. ಸುಮಾರು 140 ಚದರ ಮೀಟರಿನ ಚಾವಣಿಯ ಮೇಲೆ 60 ಮಿಲಿಮೀಟರ್ ಮಳೆಯಾದರೆ ಬೀಳುವ ನೀರು 8,400 ಲೀಟರು. ಅದಷ್ಟನ್ನೂ ನಾನೇ ಕೈಯಾರೆ ನನ್ನ ಗೋಡೆಯ ಬುಡಕ್ಕೆ ಕುಡಿಸುತ್ತಿದ್ದೆ. ಮಳೆಯಿಲ್ಲದ ವಾರದಲ್ಲಿ ಗುಂಡಿಗೆ ನೀರು ತುಂಬಿಸಿ ನೋಡಿದೆ, ಎರಡನೆಯ ದಿನ ಅದೇ ಮೂಲೆಯಲ್ಲಿ ಊಟೆ ಕಾಣಿಸಿತು. ಇಂಗುಗುಂಡಿ ಬೇಕೇ ಬೇಕು, ಆದರೆ ಅದು ನೆಲಮಾಳಿಗೆಯ ಗೋಡೆಯಿಂದ ಸಾಕಷ್ಟು ದೂರದಲ್ಲಿ, ಇಳಿಜಾರಿನ ಕೆಳಬದಿಯಲ್ಲಿ ಇರಬೇಕೆಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಈಗ ನಮ್ಮ ಚಾವಣಿಯ ನೀರು ಮೊದಲು ಶೋಧಿಸಿದ ಮೇಲೆ ಸಂಪಿಗೆ ಹೋಗುತ್ತದೆ, ಉಕ್ಕಿದ್ದು ಮಾತ್ರ ಮುಂಬದಿಯ ಗುಂಡಿಗೆ ಸೇರುತ್ತದೆ. ಎಡಮೂಲೆಯ ಊಟೆ ಅಂದಿನಿಂದ ನಿಂತಿದೆ, ಅದಕ್ಕಾದ ಖರ್ಚು ಕೊಳವೆಗಳಿಗೆ ಕೊಟ್ಟ ಕೆಲವು ಸಾವಿರ ರೂಪಾಯಿ.

ಆದ್ದರಿಂದ ಯಾವುದೇ ಗುತ್ತಿಗೆದಾರರಿಗೆ ಮುಂಗಡ ಕೊಡುವ ಮುನ್ನ ಮನೆಯವರೇ ಮಾಡಬಹುದಾದ ಕೆಲವು ಪರೀಕ್ಷೆಗಳನ್ನು ಹೇಳುತ್ತೇನೆ. ಗೋಡೆಯ ಒದ್ದೆ ಜಾಗದ ಮೇಲೆ ಎರಡಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪು ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಹಿಂದೆ ಹನಿಗಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ, ಹಾಳೆಯ ಮುಂಭಾಗದಲ್ಲಿ ಹನಿಗಟ್ಟಿದರೆ ಅದು ಗಾಳಿಯ ತೇವ, ಅದಕ್ಕೆ ಒಂದು ಕಿಟಕಿಯೋ ಗಾಳಿ ಹೊರಹಾಕುವ ಫ್ಯಾನೋ ಸಾಕು. ರಾತ್ರಿ ಸಂಪಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಒಳಬರುವ ಮತ್ತು ಹೊರಹೋಗುವ ಕೊಳಾಯಿಗಳನ್ನು ಮುಚ್ಚಿ, ಬೆಳಗ್ಗೆ ಮಟ್ಟ ಇಳಿದಿದ್ದರೆ ನಿಮ್ಮ ಸಂಪೇ ಸೋರುತ್ತಿದೆ. ಒಸರಿದ ನೀರನ್ನು ಹಿಡಿದು, ಅಂಗಡಿಗಳಲ್ಲಿ ಸಿಗುವ ಕ್ಲೋರಿನ್ ಪರೀಕ್ಷೆಯ ದ್ರಾವಣ ಹಾಕಿದಾಗ ಹಳದಿ ಬಣ್ಣ ಬಂದರೆ ಅದು ಮಳೆಯದ್ದಲ್ಲ, ಎಲ್ಲೋ ಒಡೆದ ಕುಡಿಯುವ ನೀರಿನ ಕೊಳವೆಯದ್ದು. ಬಣ್ಣ ಬರಲಿಲ್ಲವೆಂದ ಮಾತ್ರಕ್ಕೆ ಕೊಳವೆಯದ್ದಲ್ಲ ಎಂದು ಖಚಿತವಾಗಿ ಹೇಳಲಾಗದು, ಮಣ್ಣಿನೊಳಗೆ ಹಾದುಬರುವಾಗ ಕ್ಲೋರಿನ್ ಅಳಿದುಹೋಗಬಹುದು. ನೊರೆ ಅಥವಾ ವಾಸನೆ ಇದ್ದರೆ ಒಳಚರಂಡಿಯನ್ನು ಅನುಮಾನಿಸಬೇಕು. ಮಳೆ ಸುರಿಯುವಾಗಲೇ ಬರುವ ನೀರು ಕಾರು ಕೆಳಗಿಳಿಯುವ ಇಳಿದಾರಿಯದ್ದು ಅಥವಾ ರಸ್ತೆಯದ್ದು, ಮಳೆ ನಿಂತು ದಿನವೋ ವಾರವೋ ಆದ ಮೇಲೆ ಬರುವುದು ನೆಲದ್ದು. ಈ ಕೊನೆಯದಕ್ಕೆ ಯಾವ ಉಪಕರಣವೂ ಬೇಡ, ಗೋಡೆಯ ಮೇಲೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬಂದರೆ ಸಾಕು. ನನಗೆ ಹೆಚ್ಚು ಕಲಿಸಿದ್ದು ಆ ಕ್ಯಾಲೆಂಡರೇ.

ನೆಲದ ನೀರೆಂದು ಖಚಿತವಾದ ಮೇಲೆ ಅದನ್ನು ತಡೆಯುವ ಹಟ ಬಿಟ್ಟು, ಅದು ಸೇರಬೇಕಾದ ಜಾಗವನ್ನು ನಾವೇ ಗೊತ್ತುಮಾಡಬೇಕಾಯಿತು. ಗೋಡೆಯ ಹೊರಗೆ ಅಗೆದು, ತೂತುಗಳಿರುವ ಕೊಳವೆ ಹೂತು, ಸುತ್ತ ಜಲ್ಲಿ ತುಂಬಿ, ಮಣ್ಣು ಒಳಹೋಗದಂತೆ ಶೋಧಕ ಬಟ್ಟೆ ಸುತ್ತುವುದು ಉತ್ತಮ ವಿಧಾನ. ಹೊಸದಾಗಿ ಕಟ್ಟುವವರು ಹೊರಮೈಯ ಲೇಪನದ ಜೊತೆಗೆ ಇದನ್ನೂ ಮಾಡಿದರೆ ಮುಂದೆ ಒಳಗೆ ಮಾಡಬೇಕಾದದ್ದು ಅಷ್ಟೇನೂ ಉಳಿಯುವುದಿಲ್ಲ. ನನ್ನ ಹಿತ್ತಿಲಿನಲ್ಲಿ ಪಕ್ಕದವರ ಕಾಂಪೌಂಡಿನ ತಳಪಾಯ ತೀರ ಹತ್ತಿರವಿದ್ದುದರಿಂದ ಅಗೆಯುವುದು ಅಪಾಯವಾಗಿತ್ತು. ಹಾಗಾಗಿ ಒಳಗೇ, ಗೋಡೆಯ ಬುಡದುದ್ದಕ್ಕೂ ನೆಲವನ್ನು ಒಡೆದು ಕಾಲುವೆ ಮಾಡಿ, ಅದನ್ನು ಜಲ್ಲಿ ಮತ್ತು ಕೊಳವೆಯಿಂದ ತುಂಬಿ, ಮೂಲೆಯಲ್ಲಿ ಮೂರಡಿ ಆಳದ ಗುಂಡಿಗೆ ಇಳಿಬಿಟ್ಟೆವು. ಗುಂಡಿಯಲ್ಲಿ ಮುಳುಗುವ ಮೋಟಾರು, ನೀರು ಏರಿದಾಗ ತಾನಾಗಿ ಚಾಲೂ ಮಾಡುವ ಫ್ಲೋಟ್ ಸ್ವಿಚ್, ಹೊರಹೋದ ನೀರು ಹಿಂದಿರುಗದಂತೆ ಕವಾಟ, ಇಷ್ಟೇ ಸಲಕರಣೆ. ಒಂದು ವಿಷಯ ಮಾತ್ರ ಮರೆಯಬಾರದು. ನಮ್ಮಲ್ಲಿ ಮೋಟಾರು ಅಗತ್ಯವಾಗಿ ಬೇಕಾದ ರಾತ್ರಿಯೇ ಮರ ಬಿದ್ದು ಕರೆಂಟು ಹೋಗುವ ರಾತ್ರಿ. ಮನೆಯ ಯುಪಿಎಸ್‌ನಿಂದ ನಡೆಯುವಷ್ಟು ಸಣ್ಣ ಮೋಟಾರನ್ನು ಆರಿಸಿದ್ದರಿಂದ 2022ರಲ್ಲಿ, ವಾಡಿಕೆಯ ಸುಮಾರು 970 ಮಿಲಿಮೀಟರಿನ ಎದುರು ಹೆಚ್ಚುಕಡಿಮೆ ಎರಡು ಪಟ್ಟು ಮಳೆ ಸುರಿದ ಆ ವರ್ಷದಲ್ಲಿ, ನನ್ನ ಪುಸ್ತಕಗಳು ಉಳಿದವು. ಕೆಳಗಿನ ಕಪಾಟಿನಲ್ಲಿದ್ದವು ಆ ಮೊದಲೇ ಹೋಗಿದ್ದವು.

ಇಳಿದಾರಿಯ ವಿಷಯ ಬೇರೆಯೇ. ರಸ್ತೆಯಿಂದ ಕೆಳಗಿಳಿಯುವ ಮೊದಲು ಆರರಿಂದ ಎಂಟು ಅಂಗುಲದ ಉಬ್ಬು, ಇಳಿದಾರಿಯ ಬುಡದಲ್ಲಿ ಅಡ್ಡಲಾಗಿ ಕಬ್ಬಿಣದ ಜಾಲರಿ ಮುಚ್ಚಿದ ಚರಂಡಿ, ಈ ಎರಡೂ ಇದ್ದರೆ ಸಾಮಾನ್ಯ ಮಳೆಯ ನೀರು ಒಳಗೆ ಬರುವುದಿಲ್ಲ. ಕಟ್ಟಿದಾಗ ನಮ್ಮ ಮನೆಗೂ ಇವೆರಡೂ ಇದ್ದವು. ಆದರೆ ಇಪ್ಪತ್ತು ವರ್ಷಗಳಲ್ಲಿ ನಮ್ಮ ರಸ್ತೆಗೆ ನಾಲ್ಕು ಬಾರಿ ಡಾಂಬರು ಬಿದ್ದಿದೆ. ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದನ್ನು ಹಾಸುತ್ತ ಹೋದದ್ದರಿಂದ ಉಬ್ಬು ಈಗ ರಸ್ತೆಯ ಮಟ್ಟಕ್ಕಿದೆ, ಚರಂಡಿಯ ಬಾಯಿ ರಸ್ತೆಗಿಂತ ಕೆಳಗೆ ಹೂತಿದೆ. ಮನೆ ಕಟ್ಟುವವರು ಮುಂದಿನ ಐವತ್ತು ವರ್ಷದ ರಸ್ತೆಯ ಎತ್ತರವನ್ನು ಊಹಿಸಲಾರರು. ರಸ್ತೆ ಮಾಡುವವರು ಮಾತ್ರ ಅದನ್ನು ಅಳೆದು ಕಾಪಾಡಬಲ್ಲರು. ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಈಗ ಐದು ನಗರ ಪಾಲಿಕೆಗಳಾಗಿವೆ. ಅವು ಡಾಂಬರು ಕಾಮಗಾರಿಯ ಕರಾರಿನಲ್ಲಿ ಹಳೆಯ ಪದರವನ್ನು ತೆಗೆಯುವುದನ್ನೂ, ಕಾಮಗಾರಿಗೆ ಮುನ್ನ ಮತ್ತು ನಂತರದ ರಸ್ತೆಮಟ್ಟವನ್ನು ದಾಖಲಿಸುವುದನ್ನೂ ಕಡ್ಡಾಯ ಮಾಡಿದರೆ, ನೆಲಮಾಳಿಗೆ ಇಲ್ಲದ ಮನೆಗಳ ಅಂಗಳಕ್ಕೂ ಒಳ್ಳೆಯದು.

ಇನ್ನು ಹೊರಹಾಕಿದ ನೀರಿನ ಗತಿ. ಹೆಚ್ಚಿನವರು ಅದನ್ನು ರಸ್ತೆಗೆ ಬಿಡುತ್ತಾರೆ, ಕೆಲವರು ಒಳಚರಂಡಿಯ ಮ್ಯಾನ್‌ಹೋಲಿಗೇ ಬಿಟ್ಟು ಕೆಳಬೀದಿಯವರ ಶೌಚಾಲಯದಲ್ಲಿ ಕೊಳಚೆ ಉಕ್ಕುವಂತೆ ಮಾಡುತ್ತಾರೆ. ನಾನು ಒಂದು ಅಕ್ಟೋಬರಿನಲ್ಲಿ ಇಪ್ಪತ್ತು ಲೀಟರಿನ ಬಕೆಟ್ ಇಟ್ಟು ಅಳೆದೆ. ನಾಲ್ಕು ನಿಮಿಷಕ್ಕೆ ತುಂಬಿತು. ಗಂಟೆಗೆ 300 ಲೀಟರಾದರೆ ದಿನಕ್ಕೆ 7,200 ಲೀಟರು. 2024ರ ಮಾರ್ಚಿನಲ್ಲಿ ನಗರ ನೀರಿಲ್ಲದೆ ಒದ್ದಾಡಿದಾಗ ಜಿಲ್ಲಾಡಳಿತವು 6,000 ಲೀಟರಿನ ಟ್ಯಾಂಕರಿಗೆ, ಐದು ಕಿಲೋಮೀಟರಿನ ಒಳಗೆ, 600 ರೂಪಾಯಿ ದರ ನಿಗದಿ ಮಾಡಿದ್ದು ಓದುಗರಿಗೆ ನೆನಪಿರಬಹುದು. ಅಂದರೆ ಮಳೆಗಾಲದಲ್ಲಿ ಪ್ರತಿದಿನ ಒಂದು ಟ್ಯಾಂಕರಿಗಿಂತ ಹೆಚ್ಚು ನೀರನ್ನು ನಾನು ವಿದ್ಯುತ್ ಖರ್ಚು ಮಾಡಿ ರಸ್ತೆಗೆ ಚೆಲ್ಲುತ್ತಿದ್ದೆ, ಬೇಸಿಗೆಯಲ್ಲಿ ಅದನ್ನೇ ಹಣ ಕೊಟ್ಟು ಕೊಳ್ಳುತ್ತಿದ್ದೆ. ಫೆಬ್ರವರಿಯ ಹೊತ್ತಿಗೆ ಅದೇ ಬಕೆಟ್ ತುಂಬಲು ನಲವತ್ತು ನಿಮಿಷ ಬೇಕು, ಏಪ್ರಿಲಿನಲ್ಲಿ ಒಸರು ಪೂರ್ತಿ ನಿಲ್ಲುತ್ತದೆ. ಆದ್ದರಿಂದ ಇದು ವರ್ಷಪೂರ್ತಿಯ ಆಸರೆಯೆಂದು ಹೇಳಲಾರೆ. ಆದರೂ ಏಳೆಂಟು ತಿಂಗಳು ಶೌಚಾಲಯಕ್ಕೆ, ಗಿಡಗಳಿಗೆ, ಕಾರು ತೊಳೆಯಲು, ಅಂಗಳ ಸಾರಿಸಲು ನಮ್ಮ ಮನೆಯಲ್ಲಿ ಕಾವೇರಿ ನೀರು ಮುಟ್ಟುವುದಿಲ್ಲ. ಇದಕ್ಕಾಗಿ ಮಾಳಿಗೆಯ ಮೇಲೆ ಪ್ರತ್ಯೇಕ ತೊಟ್ಟಿ, ಪ್ರತ್ಯೇಕ ಕೊಳವೆ ಬೇಕು. ಕುಡಿಯುವ ನೀರಿನ ಸಾಲಿಗೆ ಅದು ಎಂದೂ ಸೇರಕೂಡದು. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಎರಡು ಮೂರು ಅಂತಸ್ತಿನ ನೆಲಮಾಳಿಗೆಗಳಿಂದ ಹಗಲೂ ರಾತ್ರಿ ಹೀಗೆ ಹೊರಹೋಗುವ ನೀರನ್ನು ಮೀಟರ್ ಹಾಕಿ ಅಳೆದರೆ, ಆ ಅಂಕಿ ಜಲಮಂಡಳಿಗೂ ಉಪಯೋಗಕ್ಕೆ ಬಂದೀತು.

ವಿದ್ಯುತ್ತಿನ ಬಗ್ಗೆ ಬರೆಯದಿದ್ದರೆ ಈ ಪತ್ರದ ಮೊದಲ ವಾಕ್ಯಕ್ಕೆ ಅರ್ಥವಿಲ್ಲ. ನೀರು ನಿಂತ ನೆಲಮಾಳಿಗೆಗೆ ಕರೆಂಟು ತೆಗೆಯದೆ ಯಾರೂ ಕಾಲಿಡಬಾರದು. ಮೇನ್ ಸ್ವಿಚ್ಚೇ ಕೆಳಗಿದ್ದರೆ, ನೀರಿನಲ್ಲಿ ನಡೆದುಹೋಗಿ ಅದನ್ನು ತೆಗೆಯುವ ಸಾಹಸವೂ ಬೇಡ. ಬೆಸ್ಕಾಂನ 1912ಕ್ಕೆ ಕರೆಮಾಡಿ ಹೊರಗಿನಿಂದಲೇ ಸಂಪರ್ಕ ತೆಗೆಸಬೇಕು. ಎಲ್ಲಿಂದಲೋ ಎಳೆದ ಎಕ್ಸ್‌ಟೆನ್ಷನ್ ವೈರಿಗೆ ಮೋಟಾರು ಸಿಕ್ಕಿಸಿ ನೀರಿನಲ್ಲಿ ಇಳಿಬಿಡುವುದು ನಾವು ದಿನನಿತ್ಯ ಕಾಣುವ ದೃಶ್ಯ, ಜೀವ ಹೋಗುವುದೂ ಅಲ್ಲಿಯೇ. ಸೋರುವ ವಿದ್ಯುತ್ತನ್ನು ಗುರುತಿಸಿ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಸ್ವಿಚ್ಚನ್ನು ನೆಲಮಾಳಿಗೆಯ ಸಾಲಿಗೆ ಹಾಕಿಸುವುದು ಒಂದು ಮಧ್ಯಾಹ್ನದ ಕೆಲಸ. ಮೀಟರ್ ಬೋರ್ಡನ್ನು ನಾನು ಮೇಲಿನ ಅಂತಸ್ತಿಗೆ ಸಾಗಿಸಿದ್ದೇನೆ, ಖರ್ಚಾಯಿತು, ಅದರ ಬಗ್ಗೆ ವಿಷಾದವಿಲ್ಲ. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿನ ಪಂಪು ತಂದವರು ಎಂಜಿನ್ನನ್ನು ರಸ್ತೆಯ ಮೇಲೇ ಇಟ್ಟು ಹೀರುವ ಕೊಳವೆಯನ್ನಷ್ಟೇ ಒಳಗೆ ಬಿಡಬೇಕು. ಮುಚ್ಚಿದ ಜಾಗದಲ್ಲಿ ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಆಳುದ್ದ ನೀರು ತುಂಬಿದ್ದರೆ ಒಂದೇ ದಿನದಲ್ಲಿ ಬರಿದು ಮಾಡುವ ಅವಸರವೂ ಸಲ್ಲದು. ಹೊರಗಿನ ಮಣ್ಣು ನೀರು ಕುಡಿದು ಭಾರವಾಗಿರುವಾಗ ಒಳಗಿನ ನೀರೇ ಗೋಡೆಗೆ ಆತುಕೊಂಡು ನಿಂತಿರುತ್ತದೆ. ಕಲ್ಲಿನ ಅಥವಾ ಸಿಮೆಂಟು ಇಟ್ಟಿಗೆಯ ಗೋಡೆಯಾದರೆ ಎರಡು ಮೂರು ದಿನಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ ಇಳಿಸುವುದೇ ಕ್ಷೇಮ. ನೀರಿನಲ್ಲಿ ಮುಳುಗಿದ ಕಾರನ್ನು ಚಾಲೂ ಮಾಡಿ ನೋಡುವ ಆಸೆಯನ್ನೂ ತಡೆದುಕೊಳ್ಳಬೇಕು, ಒಳಗೆ ನೀರು ಹೋದ ಎಂಜಿನ್ ಆ ಒಂದು ಪ್ರಯತ್ನಕ್ಕೇ ಕೆಡುತ್ತದೆ. ಕುಡಿಯುವ ನೀರಿನ ಸಂಪು ನೆಲಮಾಳಿಗೆಯಲ್ಲಿದ್ದು ಮುಳುಗಿದ್ದರೆ, ಅದನ್ನು ಪೂರ್ತಿ ಖಾಲಿ ಮಾಡಿ, ತೊಳೆದು, ಕ್ಲೋರಿನ್ ಹಾಕಿದ ಮೇಲೆಯೇ ಮತ್ತೆ ತುಂಬಬೇಕು.

ನೆಲಮಾಳಿಗೆಯಲ್ಲಿ ಜನ ಇರುವುದು ಇನ್ನೊಂದು ಸಂಗತಿ. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಮುಳುಗಿ ಸತ್ತರು. ಅಲ್ಲಿ ಗ್ರಂಥಾಲಯ ನಡೆಯುತ್ತಿತ್ತು. ನಮ್ಮ ಊರಿನಲ್ಲಿ ಗ್ರಂಥಾಲಯದ ಬದಲು ಕಾವಲುಗಾರರ ಸಂಸಾರವಿರುತ್ತದೆ. ಮೋಟಾರು ಕೋಣೆಯ ಪಕ್ಕದಲ್ಲಿ, ಕಿಟಕಿಯಿಲ್ಲದ ಹತ್ತಡಿ ಜಾಗದಲ್ಲಿ, ಮಕ್ಕಳ ಶಾಲೆಯ ಚೀಲಗಳನ್ನು ಮೊಳೆಗೆ ತೂಗುಹಾಕಿಕೊಂಡು ಬದುಕುವವರನ್ನು ನಾನು ನಮ್ಮ ಬೀದಿಯಲ್ಲೇ ಮೂರು ಕಟ್ಟಡಗಳಲ್ಲಿ ಕಂಡಿದ್ದೇನೆ. ಮಧ್ಯರಾತ್ರಿ ನೀರು ಬಂದರೆ ಮೊದಲು ಇಳಿದುಹೋಗಿ ಮೋಟಾರು ಹಾಕಬೇಕಾದವರೂ ಅವರೇ. ನಿವಾಸಿಗಳ ಸಂಘಗಳು ಈ ಕೋಣೆಯನ್ನು ಮಹಡಿಗೋ ಅಂಗಳಕ್ಕೋ ಬದಲಿಸಲು ಯಾವ ಹೊಸ ಕಾನೂನಿಗೂ ಕಾಯಬೇಕಾಗಿಲ್ಲ.

ಸರ್ಕಾರಕ್ಕೆ ನನ್ನ ಬೇಡಿಕೆ ದೊಡ್ಡದೇನಲ್ಲ. ನೆಲಮಾಳಿಗೆಯ ಗೋಡೆ ಮತ್ತು ನೆಲ ನೀರು ಒಸರದಂತಿರಬೇಕು, ಸುತ್ತಲಿನ ಮಣ್ಣಿನ ತೇವವನ್ನು ಲೆಕ್ಕಕ್ಕೆ ತೆಗೆದುಕೊಂಡು ಅದನ್ನು ವಿನ್ಯಾಸ ಮಾಡಬೇಕು, ಮೇಲಿನ ಹರಿವಿನ ನೀರು ಒಳಬರದಂತೆ ವ್ಯವಸ್ಥೆ ಇರಬೇಕು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಆಗಲೇ ಹೇಳಿದೆ. ಅದನ್ನು ಪರೀಕ್ಷಿಸುವ ಬಗೆ ಮಾತ್ರ ನಮ್ಮ ನಕ್ಷೆ ಮಂಜೂರಾತಿಯ ರೂಢಿಯಲ್ಲಿ ಕಾಣುತ್ತಿಲ್ಲ. ನೆಲಮಾಳಿಗೆ ಕೇಳುವ ಪ್ರತಿ ನಿವೇಶನದಲ್ಲೂ, ಉದ್ದೇಶಿತ ಆಳಕ್ಕಿಂತ ಐದಾರು ಅಡಿ ಹೆಚ್ಚು ಆಳದ ಒಂದು ಪರೀಕ್ಷಾ ಗುಂಡಿಯನ್ನು ತೋಡಿಸಿ, ಅಕ್ಟೋಬರ್ ಅಥವಾ ನವೆಂಬರಿನಲ್ಲಿ, ಅಂದರೆ ನೀರಿನ ಮಟ್ಟ ಅತಿ ಮೇಲಿರುವ ಹೊತ್ತಿನಲ್ಲಿ, ಅಳತೆ ಬರೆಸಿಕೊಳ್ಳಲಿ. ಬೇಸಿಗೆಯಲ್ಲಿ ಮಾಡಿದ ಮಣ್ಣಿನ ಪರೀಕ್ಷೆಯ ವರದಿಯನ್ನು ನೆಲಮಾಳಿಗೆಯ ಮಟ್ಟಿಗೆ ಒಪ್ಪಬಾರದು. ಹತ್ತಿರದಲ್ಲಿ ಕೆರೆಯಿದ್ದರೆ ಅದು ಕೋಡಿ ಬಿದ್ದಾಗಿನ ನೀರಿನ ಮಟ್ಟವನ್ನೂ ನಕ್ಷೆಯಲ್ಲಿ ತೋರಿಸಲಿ, ಕೆರೆ ಈಗ ಒಣಗಿದ್ದರೂ ಸರಿ. ಮೀಟರ್ ಬೋರ್ಡು, ಜನರೇಟರ್ ಮತ್ತು ಲಿಫ್ಟಿನ ನಿಯಂತ್ರಣ ಫಲಕ ನೆಲಮಟ್ಟಕ್ಕಿಂತ ಮೇಲಿಲ್ಲದ ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ (ಒ.ಸಿ.) ಕೊಡದಿರಲಿ. ಹಳೆಯ ಕಟ್ಟಡಗಳಿಗೆ ಫಲಕ ಸ್ಥಳಾಂತರಿಸಲು ಎರಡು ಮಳೆಗಾಲದಷ್ಟು ಅವಧಿ ಕೊಟ್ಟು, ಆಮೇಲೆ ತಪಾಸಣೆ ಮಾಡಲಿ. ಇಂಗುಗುಂಡಿಯ ಅನುಮೋದನೆಯ ಹಾಳೆಯಲ್ಲಿ ನೆಲಮಾಳಿಗೆಯ ಗೋಡೆಯಿಂದ ಅದಕ್ಕಿರುವ ದೂರವನ್ನು ಬರೆಯಲು ಒಂದು ಸಾಲು ಸೇರಿಸಿದ್ದರೆ, ನನ್ನಂಥವರ ಎಷ್ಟೋ ಹಣ ಉಳಿಯುತ್ತಿತ್ತು.

ಕಟ್ಟಡ ನಿಯಮಗಳ ತಿದ್ದುಪಡಿಯ ಕರಡು ಸಾರ್ವಜನಿಕರ ಆಕ್ಷೇಪಣೆಗೆ ಹೊರಬಿದ್ದ ದಿನ, 2017ರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬಂದ ಮಳೆ ಮತ್ತು ಒಸರಿನ ದಿನಾಂಕಗಳ ಪ್ರತಿಯನ್ನು ನನ್ನ ಅರ್ಜಿಯ ಜೊತೆ ಲಗತ್ತಿಸಲಿದ್ದೇನೆ. ನೆಲಮಾಳಿಗೆ ಇರುವ ಇತರ ಓದುಗರೂ ಈ ಮಳೆಗಾಲದಿಂದಲೇ ಅಂಥ ಲೆಕ್ಕ ಇಡತೊಡಗಿದರೆ, ಯಾವ ಬಡಾವಣೆಯಲ್ಲಿ ಎಷ್ಟು ಅಡಿಗೆ ನೀರಿದೆ ಎಂಬುದನ್ನು ಅಧಿಕಾರಿಗಳ ಮುಂದೆ ನಾವೇ ಇಡಬಹುದು.

ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕ,
ಬೆಂಗಳೂರು